ಕುಳ್ಳ ಏಜೆಂಟ್ ಬೀದರಿಗೂ ಬರಲಿ

ಕಿಶೋರ್ ಕುಮಾರ್ ಕನ್ನಡದಲ್ಲಿ ಹಾಡಿದ್ದು ಯಾವ ಹಾಡು ಎಂದು ಬೀದರಿನ ಯಾವುದಾದರೂ ಚಹಾದಂಗಡಿಯಲ್ಲಿ ಕೇಳಿ ನೋಡಿ. ಒಬ್ಬರಾದರೂ ಧಾಟಿ ಗುನುಗಿ ತೋರಿಸುತ್ತಾರೆ. ಅದು ಯಾವ ಸಿನಿಮಾದ ಹಾಡು ಎಂದರೆ ಅರ್ಧ ಮಂದಿ ತಡವರಿಸುತ್ತಾರೆ. ಆ ಸಿನಿಮಾವನ್ನು ಪೂರ್ತಿ ನೋಡಿದವರು ಯಾರಿದ್ದೀರಿ ಎಂದರೆ ಉತ್ತರ ಸಿಗುವುದು ಕಷ್ಟ. ಅದು 1972ರಲ್ಲಿ ಕೆ.ಎಸ್.ಎಲ್. ಸ್ವಾಮಿ ನಿರ್ದೇಶಿಸಿದ, ದ್ವಾರಕೀಶ್ ನಾಯಕನಾಗಿ ನಟಿಸಿದ ‘ಕುಳ್ಳ ಏಜೆಂಟ್ 000’. ಸಂಗೀತ ರಾಜನ್-ನಾಗೇಂದ್ರ ಅವರದು. ಗೂಢಚಾರಿ ಸಿನಿಮಾಗಳನ್ನು ಅಣಕಿಸಲೆಂದೇ ಹುಟ್ಟಿದ ಕನ್ನಡ ಚಿತ್ರ ಅದು. ಹಾಡನ್ನು ರೇಡಿಯೊ ಮತ್ತು ಕ್ಯಾಸೆಟ್ಟು ಮನೆಮನೆಗೆ ತಂದುಕೊಟ್ಟವು. ಚಿತ್ರವನ್ನು ಯಾರೂ ತಂದುಕೊಡಲಿಲ್ಲ.

ನಾನು ಹೇಳಹೊರಟಿರುವ ಮಾತು ಇಲ್ಲಿಂದ ಶುರುವಾಗುತ್ತದೆ. ಅಣಕು ಚಿತ್ರವೊಂದು ಬದುಕಬೇಕಾದರೆ ಅದೂ ಮನೆಯೊಳಗೆ ಬರಬೇಕು, ಅದು ಯಾವುದನ್ನು ಅಣಕಿಸುತ್ತದೋ ಆ ಮೂಲವೂ ಬರಬೇಕು. ಥೇಟರಿನಲ್ಲಿ ಒಮ್ಮೆ ಕಂಡು ಮರೆತದ್ದನ್ನು ಯಾರೂ ಅಣಕಿಸಲಾರರು, ಅಣಕಿಸಿದರೂ ನೋಡುವವರಿಗೆ ನಗು ಬಾರದು. ಬೀದರ್, ಭಾಲ್ಕಿ, ಔರಾದ್‌ನಂಥ ಗಡಿ ಊರುಗಳಲ್ಲಂತೂ ಮನೆಯ ಪರದೆಯೇ ಕನ್ನಡ ಸಿನಿಮಾಕ್ಕೆ ಉಳಿದಿರುವ ದೊಡ್ಡ ಬಾಗಿಲು. ಆ ಬಾಗಿಲಿನಿಂದ ಹಿಂದಿ ಬಂತು, ತೆಲುಗು ಬಂತು, ಹೈದರಾಬಾದಿನ ದಖನಿ ಬಂತು. ಕನ್ನಡದ ಭಕ್ತಿಚಿತ್ರ, ಸಂಸಾರದ ಚಿತ್ರ ಒಂದಿಷ್ಟು ಬಂದವು. ಕನ್ನಡದ ತುಂಟ ನಗು ಮಾತ್ರ ಹೊರಗೇ ನಿಂತಿತು.

ಮೊದಲು ಮೂಲ ಯಾವುದೆಂದು ನೋಡೋಣ. ಜೇಮ್ಸ್ ಬಾಂಡ್ ತೆರೆಗೆ ಬಂದದ್ದು 1962ರಲ್ಲಿ, ‘ಡಾಕ್ಟರ್ ನೋ’ ಮೂಲಕ. ಆರು ವರ್ಷ ತುಂಬುವುದರೊಳಗೆ ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ ಮಾಡಿ ರಾಜಕುಮಾರ್ ಅವರನ್ನು ಸಿ.ಐ.ಡಿ. 999 ಆಗಿಸಿತು. ಅದೇ 1968ರಲ್ಲಿ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’. ಎರಡೇ ವರ್ಷಗಳಲ್ಲಿ ಮೂರು ಚಿತ್ರ. ಒಂಬತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ನಾಲ್ಕನೆಯದಾಗಿ ಸೇರಿಕೊಂಡಿತು. ಆದರೆ ಕಪ್ಪು-ಬಿಳುಪಿನ ಆ ಮೊದಲ ಮೂರನ್ನು ಒಂದು ಸರಣಿಯಾಗಿ ನೋಡುವುದೇ ಸರಿ. ಒಂದೇ ಉಸಿರಿನಲ್ಲಿ ಮಾಡಿದ ಕೆಲಸ ಅದು. ಗೋವಾದ ಚಿತ್ರದಲ್ಲಿ ಲಕ್ಷ್ಮಿ ನಾಯಕಿ. ಜಾಕ್‌ಪಾಟ್‌ನಲ್ಲಿ ನಾಯಕಿಯಾದವರು ಮುಂದೆ ಹಿಂದಿಯ ಮಹಾತಾರೆಯಾಗಿ ಬೆಳೆದ ರೇಖಾ. ರೇಖಾ ಅವರ ಹಿಂದಿ ಚಿತ್ರಗಳನ್ನು ಬಾಯಿಪಾಠ ಮಾಡಿಕೊಂಡ ನಮ್ಮ ಬೀದರಿನ ಹಿರಿಯರಿಗೆ ಈ ಸಂಗತಿ ಹೇಳಿದರೆ ಅವರ ಹುಬ್ಬು ಮೇಲೇರುತ್ತದೆ. ಅವರು ಕೇಳುವ ಮುಂದಿನ ಪ್ರಶ್ನೆ ‘ಎಲ್ಲಿ ಸಿಗ್ತದರಿ ಆ ಪಿಚ್ಚರು?’ ಎಂಬುದು.

999 ನಡೆದಾಡಿದ ಹಾದಿಯಲ್ಲೇ ಮೂರು ವರ್ಷಗಳಾದ ಮೇಲೆ 000 ಬಂದ. ಎತ್ತರದ, ಬಿಗುವಾದ, ಸೋಲರಿಯದ ಸಿ.ಐ.ಡಿ.ಯ ಜಾಗದಲ್ಲಿ ಗಿಡ್ಡ ಮೈಕಟ್ಟಿನ ದ್ವಾರಕೀಶ್ ನಿಂತದ್ದೇ ಅರ್ಧ ಹಾಸ್ಯ. ಒಂಬತ್ತುಗಳೆಲ್ಲ ಸೊನ್ನೆಯಾದದ್ದು ಉಳಿದರ್ಧ. ಪ್ರೇಕ್ಷಕರಿಗೆ ಹೆಸರು ಕೇಳಿದ ಕೂಡಲೇ ನಗು ಬರುತ್ತಿದ್ದದ್ದು 999ರ ನೆನಪು ಹಸಿಯಾಗಿದ್ದುದರಿಂದ. ರಾಜಕುಮಾರ್ ಅಭಿಮಾನಿಗಳ ಮನಸ್ಸು ನೋಯುವುದಿಲ್ಲವೇ ಎಂದು ಇವತ್ತಿನವರು ಅಂಜಬಹುದು. ದ್ವಾರಕೀಶ್ ಅವರೇ 1969ರಲ್ಲಿ ರಾಜಕುಮಾರ್ ಅವರನ್ನು ಹಾಕಿಕೊಂಡು ‘ಮೇಯರ್ ಮುತ್ತಣ್ಣ’ ನಿರ್ಮಿಸಿದ್ದರು, 1977ರಲ್ಲಿ ‘ಭಾಗ್ಯವಂತರು’ ನಿರ್ಮಿಸಿದರು. ಒಳ್ಳೆಯ ಅಣಕ ಪ್ರೀತಿಯಿಲ್ಲದೆ ಹುಟ್ಟುವುದೇ ಇಲ್ಲ. ಹತ್ತಿರದಿಂದ ಕಂಡವನಿಗೆ, ಮೆಚ್ಚಿದವನಿಗೆ ಮಾತ್ರ ಒಬ್ಬರ ನಡಿಗೆಯಲ್ಲಿರುವ ನಗೆಯ ಎಳೆ ಕಣ್ಣಿಗೆ ಬೀಳುತ್ತದೆ.

ಇದನ್ನು ಹೊರಗಿನ ಒಂದು ಉದಾಹರಣೆಯಿಂದ ಇನ್ನೂ ಗಟ್ಟಿ ಮಾಡಬಹುದು. ಗೂಢಚಾರಿ ಚಿತ್ರಗಳ ಅಣಕು ಎಂದರೆ ಜಗತ್ತು ಈಗ ನೆನೆಯುವುದು ಮೈಕ್ ಮೈಯರ್ಸ್ ಅವರ ‘ಆಸ್ಟಿನ್ ಪವರ್ಸ್’ ಚಿತ್ರತ್ರಯವನ್ನು. 1997, 1999, 2002ರಲ್ಲಿ ಮೂರು ಚಿತ್ರಗಳು ಬಂದವು. ಮೊದಲನೆಯದು ಅಮೆರಿಕದ ಥೇಟರುಗಳಲ್ಲಿ ಗಳಿಸಿದ್ದು ಸುಮಾರು 5.4 ಕೋಟಿ ಡಾಲರ್, ಸಾಧಾರಣ ಯಶಸ್ಸು. ಆಮೇಲೆ ಅದು ವಿಡಿಯೊ ಕ್ಯಾಸೆಟ್ಟಾಗಿ, ಡಿವಿಡಿಯಾಗಿ ಮನೆಗಳಿಗೆ ಹೋಯಿತು. ಹುಡುಗರು ಮತ್ತೆ ಮತ್ತೆ ಹಾಕಿ ನೋಡಿದರು, ಮಾತುಗಳನ್ನು ಬಾಯಿಪಾಠ ಮಾಡಿದರು. ಎರಡು ವರ್ಷಗಳ ನಂತರ ಎರಡನೆಯ ಚಿತ್ರ ಬಿಡುಗಡೆಯಾದಾಗ ಅದರ ಮೊದಲ ವಾರಾಂತ್ಯದ ಗಳಿಕೆಯೇ ಮೊದಲ ಚಿತ್ರ ಅಲ್ಲಿ ಒಟ್ಟು ಗಳಿಸಿದ್ದನ್ನು ದಾಟಿತು. ಥೇಟರು ಮಾಡಲಾಗದ್ದನ್ನು ಮನೆಯ ಪೆಟ್ಟಿಗೆ ಮಾಡಿತ್ತು. ಮೈಯರ್ಸ್ ಆ ಪಾತ್ರವನ್ನು ಕಟ್ಟಿಕೊಂಡದ್ದೂ ಮನೆಯಿಂದಲೇ. ಲಿವರ್‌ಪೂಲಿನಿಂದ ಬಂದ ಅವರ ತಂದೆ ಮಗನಿಗೆ ಬಾಂಡ್ ಚಿತ್ರಗಳ, ಬ್ರಿಟಿಷ್ ಹಾಸ್ಯದ ರುಚಿ ಹತ್ತಿಸಿದ್ದರು. ತಂದೆ ತೀರಿಕೊಂಡ ಮೇಲೆ ಅವರಿಗೆ ಸಲ್ಲಿಸಿದ ಕಾಣಿಕೆಯಂತೆ ಬಂದ ಚಿತ್ರ ಅದು. ಅಣಕದ ಪರಿಣಾಮ ಎಷ್ಟಾಯಿತೆಂದರೆ, ಆ ಮೂರು ಚಿತ್ರಗಳು ಬಂದುಹೋದ ಮೇಲೆ ಬಾಂಡ್‌ನನ್ನು ಹಳೆಯ ಲಘು ಧಾಟಿಯಲ್ಲಿ ತೋರಿಸುವುದೇ ಅಸಾಧ್ಯವಾಯಿತೆಂದು ಸ್ವತಃ ಬಾಂಡ್ ಆಗಿದ್ದ ಡೇನಿಯಲ್ ಕ್ರೇಗ್ ಹೇಳಿಕೊಂಡಿದ್ದಾರೆ. ವಿದೂಷಕ ಬಂದು ರಾಜನ ನಡೆಯನ್ನೇ ಬದಲಿಸಿದ ಹಾಗೆ.

ಇನ್ನೊಂದು ತ್ರಯವೂ ಇದೆ. ರೋವನ್ ಅಟ್ಕಿನ್ಸನ್ ಅವರ ‘ಜಾನಿ ಇಂಗ್ಲಿಷ್’, 2003, 2011 ಮತ್ತು 2018ರಲ್ಲಿ ಬಂದ ಮೂರು ಚಿತ್ರಗಳು. ಬ್ಯಾಂಕ್ ಕಾರ್ಡೊಂದರ ಜಾಹೀರಾತಿನಲ್ಲಿ ಹುಟ್ಟಿದ ಪೆದ್ದು ಗೂಢಚಾರಿ ಬೆಳೆದು ಹೀಗಾದ. ಔರಾದಿನ ಶಾಲಾ ಹುಡುಗನಿಗೆ ಈ ಮುಖ ಹೊಸದಲ್ಲ. ಮಿಸ್ಟರ್ ಬೀನ್‌ನನ್ನು ಅವನು ಮಕ್ಕಳ ಚಾನೆಲ್ಲಿನಲ್ಲಿ ಕಂಡಿದ್ದಾನೆ, ಜಾನಿ ಇಂಗ್ಲಿಷ್‌ನ ತುಣುಕುಗಳನ್ನು ಹಿಂದಿ ಧ್ವನಿಯಲ್ಲಿ ಮೊಬೈಲಿನಲ್ಲಿ ನೋಡಿದ್ದಾನೆ. ಅದನ್ನು ನೋಡಿ ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಾನೆ, ನಗಲಿ. ಅವನ ಅಜ್ಜನ ಕಾಲದಲ್ಲೇ ಕನ್ನಡದಲ್ಲಿ ಇದೇ ಕೆಲಸ ಮಾಡಿದ ಒಬ್ಬ ಕುಳ್ಳನಿದ್ದ ಎಂದು ಅವನಿಗೆ ಹೇಳುವವರಿಲ್ಲ, ತೋರಿಸುವವರಂತೂ ಇಲ್ಲವೇ ಇಲ್ಲ. ನನ್ನ ಅಳಲು ಇದು.

ಹೀಗಾಗಲು ಕಾರಣ ನಮ್ಮ ನಕ್ಷೆಯಲ್ಲಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಬೀದರ್ ಜಿಲ್ಲೆ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಈಚೆ ಬಂದವು. ಉದಗೀರ, ಅಹ್ಮದಪುರ, ನಿಲಂಗಾ ಮರಾಠಿಯ ಕಡೆ ಹೋದವು. ಜಹೀರಾಬಾದ್, ನಾರಾಯಣಖೇಡ ತೆಲುಗಿನ ಕಡೆ. ರಾಜಕೀಯದ ಗೆರೆ ಹೀಗೆ ಹೊಸದಾಗಿ ಎಳೆದರೂ ಸಿನಿಮಾ ವ್ಯಾಪಾರದ ಗೆರೆ ಹಳೆಯದೇ ಉಳಿಯಿತು. ಹಿಂದಿ ಚಿತ್ರಗಳ ಹಂಚಿಕೆದಾರರ ಲೆಕ್ಕದಲ್ಲಿ ಬೀದರ್, ಕಲಬುರಗಿ, ರಾಯಚೂರು ‘ನಿಜಾಮ್’ ವಲಯಕ್ಕೆ ಸೇರಿಕೊಂಡೇ ಇದ್ದವು. ನಿಜಾಮರು ಹೋದ ಮೇಲೂ ನಿಜಾಮರ ಹೆಸರು ರೀಲಿನ ಡಬ್ಬಿಯ ಮೇಲೆ ಉಳಿಯಿತು. ಬೆಂಗಳೂರು ಇಲ್ಲಿಂದ ಸುಮಾರು 700 ಕಿಲೋಮೀಟರ್, ಹೈದರಾಬಾದ್ 140ರ ಆಸುಪಾಸು. ಯಾವ ಡಬ್ಬಿ ಮೊದಲು ತಲುಪುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಆಮೇಲೆ ವಿಸಿಆರ್ ಕಾಲ ಬಂತು. ಗಣೇಶನ ಹಬ್ಬಕ್ಕೋ ಮದುವೆಗೋ ಕಲರ್ ಟಿವಿ ಮತ್ತು ವಿಸಿಆರ್ ಬಾಡಿಗೆಗೆ ತಂದು, ರಾತ್ರಿಯಿಡೀ ಒಂದರ ಹಿಂದೆ ಒಂದು ಸಿನಿಮಾ ಹಾಕುತ್ತಿದ್ದ ಆ ಕಾಲವನ್ನು ಇಲ್ಲಿನ ಐವತ್ತು ದಾಟಿದ ಯಾರನ್ನು ಕೇಳಿದರೂ ವರ್ಣಿಸುತ್ತಾರೆ. ಅಂಗಳದಲ್ಲಿ ತಾಡಪತ್ರಿ, ಮುಂದೆ ಮಕ್ಕಳು, ಹಿಂದೆ ಹೆಣ್ಣುಮಕ್ಕಳು, ಕರೆಂಟು ಹೋದರೆ ಎಲ್ಲರದೂ ಒಂದೇ ಕೂಗು. ಎರಡು ಹಿಂದಿ, ಒಂದು ತೆಲುಗು, ಕಡೆಗೆ ಬೆಳಗಿನ ಜಾವಕ್ಕೆ ಒಂದು ಕನ್ನಡದ ಭಕ್ತಿಚಿತ್ರ. ಅಷ್ಟೊತ್ತಿಗೆ ಮಕ್ಕಳೆಲ್ಲ ನಿದ್ದೆ ಹೋಗಿರುತ್ತಿದ್ದರು. ವಿಸಿಆರ್ ಹೋಗಿ ವಿಸಿಡಿ ಬಂದಾಗಲೂ ಕಥೆ ಬದಲಾಗಲಿಲ್ಲ. 2005ರಲ್ಲಿ ಬಂದ ‘ದಿ ಅಂಗ್ರೇಜ್’, ಮರುವರ್ಷದ ‘ಹೈದರಾಬಾದ್ ನವಾಬ್ಸ್’, ಇಂಥ ದಖನಿ ಹಾಸ್ಯಚಿತ್ರಗಳ ಮಾತು ಬೀದರಿನ ಓಣಿಗಳಲ್ಲಿ ಹರಿದಾಡಿತು. ಅವು ಸಣ್ಣ ದುಡ್ಡಿನ ಚಿತ್ರಗಳು. ಅವುಗಳ ಬಲವೆಲ್ಲ ಮಾತಿನಲ್ಲಿ. ಚಾರ್ಮಿನಾರ್ ಗಲ್ಲಿಯ ಹುಡುಗರು ಮನೆಯಲ್ಲಿ ಹೇಗೆ ಮಾತಾಡುತ್ತಾರೋ ಹಾಗೆಯೇ ತೆರೆಯ ಮೇಲೆ ಮಾತಾಡಿದ್ದೇ ಅವು ಗೆದ್ದ ಗುಟ್ಟು. ಬೀದರಿನ ಉರ್ದು ಮನೆಗಳಿಗೆ ಅದು ತಮ್ಮದೇ ಮಾತು. ಕನ್ನಡದ ಮನೆಗಳಿಗೂ ಅದು ಪಕ್ಕದ ಮನೆಯ ಮಾತು.

ಮಾಲೆಗಾಂವ್‌ನ ಕಥೆ ಇದಕ್ಕಿಂತ ದೊಡ್ಡದು, ಸ್ವಲ್ಪ ನಿಂತು ನೋಡುವಂಥದು. ಮಹಾರಾಷ್ಟ್ರದ ಆ ಮಗ್ಗದ ಊರಿನಲ್ಲಿ ವಿಡಿಯೊ ಪಾರ್ಲರ್ ನಡೆಸುತ್ತಿದ್ದ ಶೇಖ್ ನಾಸಿರ್ 2000ದ ಹೊತ್ತಿಗೆ ‘ಮಾಲೆಗಾಂವ್ ಕೆ ಶೋಲೆ’ ಮಾಡಿದರು. ಪವರ್‌ಲೂಮ್‌ನಲ್ಲಿ ದುಡಿಯುವ ಗೆಳೆಯರೇ ನಟರು. ಆ ಊರಿನವರು ‘ಶೋಲೆ’ಯನ್ನು ಎಷ್ಟು ಸಾರಿ ನೋಡಿದ್ದರೆಂದರೆ ಗಬ್ಬರ್‌ನ ಒಂದೊಂದು ಮಾತು ಎಲ್ಲಿ ತಿರುಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಎಲ್ಲಿ ತಿರುಗಿಸಿ ಬೇರೆ ಮಾಡಬೇಕೆಂದೂ ಗೊತ್ತಾಯಿತು. ಆಮೇಲೆ ಅವರು ಸೂಪರ್‌ಮ್ಯಾನ್‌ನನ್ನೂ ಮಾಲೆಗಾಂವ್‌ಗೆ ಕರೆಸಿಕೊಂಡರು. ಅವರ ಮೇಲೆ ಫೈಜಾ ಅಹ್ಮದ್ ಖಾನ್ 2008ರಲ್ಲಿ ‘ಸೂಪರ್‌ಮೆನ್ ಆಫ್ ಮಾಲೆಗಾಂವ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. 2025ರಲ್ಲಿ ರೀಮಾ ಕಾಗ್ತಿ ಅವರ ‘ಸೂಪರ್‌ಬಾಯ್ಸ್ ಆಫ್ ಮಾಲೆಗಾಂವ್’ ದೇಶದ ಥೇಟರುಗಳಿಗೆ ಬಂತು. ಒಂದು ವಿಡಿಯೊ ಪಾರ್ಲರ್ ಇಷ್ಟೆಲ್ಲ ಮಾಡಿತು. ಅಲ್ಲಿ ಮೂಲ ಕೈಗೆಟಕುವಂತಿತ್ತು, ಹಿಂದಕ್ಕೆ ಮುಂದಕ್ಕೆ ಓಡಿಸಿ ನೋಡುವಂತಿತ್ತು. ಬಡತನ ಅಡ್ಡ ಬರಲಿಲ್ಲ, ಸಣ್ಣ ಊರು ಎಂಬುದೂ ಅಡ್ಡ ಬರಲಿಲ್ಲ.

ಬೀದರಿನಲ್ಲಿ ಅಂಥ ಹುಡುಗರು ಇಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಅಣಕ ಈ ನೆಲಕ್ಕೆ ಪರಕೀಯವೂ ಅಲ್ಲ. ಬಹುರೂಪಿಗಳು ಪೊಲೀಸನ ವೇಷ ಹಾಕಿ ಸಂತೆಗೆ ಬಂದು, ಅಂಗಡಿಯವನಿಗೆ ‘ವಾರಂಟ್ ಐತಿ, ನಡೀ ಠಾಣೆಗೆ’ ಎಂದು ಗದರಿಸಿ, ಅವನು ಬೆವರಿದ ಮೇಲೆ ಕೈಮುಗಿದು ಕಾಸು ಕೇಳುತ್ತಿದ್ದ ಕಲೆ ಮರಾಠವಾಡ ಮತ್ತು ನಮ್ಮ ಗಡಿಯ ಎರಡೂ ಬದಿಗೆ ಪರಿಚಿತ. ಬಯಲಾಟದಲ್ಲಿ ಕಿರೀಟ ಹೊತ್ತು ಬಂದ ರಾಜನನ್ನೇ ತಡೆದು ನೀನು ಯಾರಪ್ಪ ಎಂದು ಕೇಳುವ ಸಾರಥಿ ಮಾಡುವುದೂ ಅದೇ ಕೆಲಸ. ಇನ್ನು ಗೂಢಚಾರಿಕೆಯ ವಿಷಯಕ್ಕೆ ಬಂದರೆ, ಈ ಜಿಲ್ಲೆಯ ಕನ್ನಡವೇ ಒಂದು ಕಾಲದಲ್ಲಿ ವೇಷ ಮರೆಸಿಕೊಂಡು ಬದುಕಿದೆ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಈ ಕಥೆಯನ್ನು ಇಲ್ಲಿ ಶಾಲೆಯ ಮಕ್ಕಳೂ ಹೇಳಬಲ್ಲರು. ನಾನು ಅದನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಬಂದೂಕಿಲ್ಲದ, ಕಾರಿಲ್ಲದ, ಬರಿಯ ಒಂದು ಹಲಗೆಯ ಗುಟ್ಟಿನ ಕಾರ್ಯಾಚರಣೆ ಅದು. ಅದು ಗೆದ್ದದ್ದರಿಂದಲೇ ನಾನು ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಥೆಗೆ ಬೇಕಾದ ಸರಂಜಾಮು ಕೂಡ ಇಲ್ಲಿ ಬಿದ್ದುಕೊಂಡಿದೆ. ‘ಜೇಡರ ಬಲೆ’ಯ ಕಥೆ ಲೋಹವನ್ನು ಚಿನ್ನ ಮಾಡುವ ಸೂತ್ರದ ಸುತ್ತ ತಿರುಗುತ್ತದೆ. ಬೀದರಿನ ಬಿದ್ರಿ ಕೆಲಸಗಾರರ ಬಳಿ ಅದಕ್ಕಿಂತ ಚೆಂದದ ಗುಟ್ಟಿದೆ. ಸತು-ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಕಾಸಿ ತಿಕ್ಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳಗುತ್ತದೆ. ಆ ಮಣ್ಣನ್ನು ಕದಿಯಲು ಬರುವ ಖಳನಾಯಕನನ್ನು ಊಹಿಸಿಕೊಳ್ಳಿ. ಅಡಗುದಾಣಕ್ಕೆ ನೌಬಾದಿನ ಕರೇಜ್ ಇದೆ, ಬಹಮನಿಗಳ ಕಾಲದಲ್ಲಿ ನೆಲದಡಿ ಕೊರೆದ ನೀರಿನ ಸುರಂಗ. ಆಕಾಶದ ದೃಶ್ಯಕ್ಕೆ ವಾಯುಪಡೆಯ ನೆಲೆಯಿದೆ, ಸೂರ್ಯಕಿರಣ ತಂಡದ ವಿಮಾನಗಳು ಇಲ್ಲಿಂದಲೇ ಹಾರುತ್ತವೆ. ಬಾಂಡ್ ಚಿತ್ರದವರು ಇಂಥ ಜಾಗಕ್ಕಾಗಿ ದೇಶದೇಶ ಸುತ್ತುತ್ತಾರೆ. ನಮ್ಮ ಹುಡುಗರು ಸೈಕಲ್ಲಿನಲ್ಲಿ ಹೋಗಿ ಬರಬಹುದು.

ಇಷ್ಟೆಲ್ಲ ಬರಿಯ ಮನರಂಜನೆಗಾಗಿ ಯಾಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು, ಉತ್ತರವನ್ನು ಗಂಭೀರವಾಗಿಯೇ ಕೊಡಬೇಕು. ಗೂಢಚಾರಿ ಚಿತ್ರ ನೋಡುಗನಿಗೆ ಒಂದು ದೃಷ್ಟಿ ಕಲಿಸುತ್ತದೆ: ಎಲ್ಲರೂ ಸಂಶಯಾಸ್ಪದರು, ಅಪರಿಚಿತನ ಚೀಲದಲ್ಲಿ ಏನೋ ಇದೆ, ನಗುತ್ತಿರುವವನು ನಿಜವಾಗಿ ಶತ್ರು. ತೆರೆಯ ಮೇಲೆ ಅದು ಆಟ. ಆದರೆ ಇಂದು ಅದೇ ಧಾಟಿಯ ಕಥೆಗಳು ಮೊಬೈಲಿನಲ್ಲಿ ಸುದ್ದಿಯ ವೇಷ ತೊಟ್ಟು ಬರುತ್ತವೆ. 2018ರ ಜುಲೈನಲ್ಲಿ ಔರಾದ್ ಭಾಗದ ಮುರ್ಕಿಯಲ್ಲಿ ಆದದ್ದನ್ನು ಈ ಜಿಲ್ಲೆಯ ಯಾರೂ ಮರೆಯಬಾರದು. ಹೈದರಾಬಾದಿನಿಂದ ಗೆಳೆಯರೊಂದಿಗೆ ಬಂದಿದ್ದ ಒಬ್ಬ ತರುಣ ಎಂಜಿನಿಯರನನ್ನು, ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದನ್ನೇ ಹಿಡಿದು, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಕಿವಿಗೊಟ್ಟ ಗುಂಪು ಹೊಡೆದು ಕೊಂದಿತು. ಒಂದು ಹಾಸ್ಯಚಿತ್ರ ಅದನ್ನು ತಪ್ಪಿಸುತ್ತಿತ್ತೆಂದು ಹೇಳುವಷ್ಟು ಹಗುರಾಗಿ ನಾನು ಮಾತಾಡಲಾರೆ. ಆದರೆ ಸಮಾಜವೊಂದಕ್ಕೆ ಭಯದ ಕಥೆಗಳ ಜೊತೆಗೆ ಭಯದ ಕಥೆಗಳನ್ನು ಬಿಚ್ಚಿ ತೋರಿಸುವ ಕಥೆಗಳೂ ಬೇಕು. ಅಣಕು ಚಿತ್ರ ಮಾಡುವುದು ಅದನ್ನೇ. ಸಂಶಯಕ್ಕೆ ಬಳಸುವ ಸಂಗೀತ ಹೇಗಿರುತ್ತದೆ, ಕ್ಯಾಮೆರಾ ಹೇಗೆ ಓರೆಯಾಗುತ್ತದೆ, ಗಡ್ಡದವನನ್ನು ಹೇಗೆ ಕತ್ತಲಲ್ಲಿ ನಿಲ್ಲಿಸುತ್ತಾರೆ, ಈ ಎಲ್ಲ ತಂತ್ರಗಳನ್ನು ಅದು ಹಗಲಿಗೆ ಎಳೆದು ತರುತ್ತದೆ. ಒಮ್ಮೆ ನಕ್ಕವನು ಮುಂದಿನ ಸಾರಿ ಅದೇ ತಂತ್ರಕ್ಕೆ ಅಷ್ಟು ಸುಲಭವಾಗಿ ಬಲಿಯಾಗುವುದಿಲ್ಲ. ಪರದೇಶದ ವಿದ್ವಾಂಸರ ಪುಸ್ತಕ ಓದಿ ಬರುವ ತಿಳಿವಳಿಕೆ ಹತ್ತಾರು ಮಂದಿಗೆ, ಅಂಗಳದ ಟಿವಿಯ ಮುಂದೆ ನಕ್ಕು ಬರುವ ತಿಳಿವಳಿಕೆ ಇಡೀ ಓಣಿಗೆ.

ಡಬ್ಬಿಂಗಿನ ಮಾತಿಗೂ ಬರಬೇಕು. 1960ರ ದಶಕದಲ್ಲಿ ಡಬ್ಬಿಂಗ್ ವಿರುದ್ಧ ಅ.ನ. ಕೃಷ್ಣರಾಯರೂ ಮ. ರಾಮಮೂರ್ತಿಯವರೂ ನಿಂತದ್ದಕ್ಕೆ ಬಲವಾದ ಕಾರಣವಿತ್ತು. ಮದರಾಸಿನ ನೆರಳಿನಲ್ಲಿ ಕನ್ನಡದ ಕಲಾವಿದರಿಗೆ ಕೆಲಸವೇ ಇರಲಿಲ್ಲ. ಆ ಹೋರಾಟವನ್ನು ನಾನು ಗೌರವಿಸುತ್ತೇನೆ. ಆದರೆ ಕಾಲ ಬದಲಾದ ಮೇಲೂ ಬಾಗಿಲು ಮುಚ್ಚಿಯೇ ಇದ್ದದ್ದರ ಬೆಲೆ ತೆತ್ತವರು ಗಡಿಯವರು. ಬೆಂಗಳೂರಿನ ಮಗು ಕನ್ನಡದ್ದಲ್ಲದಿದ್ದರೆ ಇಂಗ್ಲಿಷಿನದು ನೋಡಿತು. ಬೀದರಿನ ಮಗು ಹಿಂದಿಯದೇ ನೋಡಿತು, ಆನೆಯೂ ಇಲಿಯೂ ಗೂಢಚಾರಿಯೂ ಅದಕ್ಕೆ ಹಿಂದಿಯಲ್ಲೇ ಮಾತಾಡಿದವು. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗಿಗೆ ಅಡ್ಡಿಪಡಿಸುವುದು ತಪ್ಪೆಂದು ಹೇಳಿತು. 2017ರಲ್ಲಿ ‘ಸತ್ಯದೇವ್ ಐಪಿಎಸ್’ ಕನ್ನಡಕ್ಕೆ ಡಬ್ ಆಗಿ ಬಂತು. ಬಾಗಿಲು ಈಗ ತೆರೆದಿದೆ. ಒಳಗೆ ಬರುವ ಕನ್ನಡ ಯಾವುದು ಎಂಬುದು ಉಳಿದ ಪ್ರಶ್ನೆ.

ನಮ್ಮ ಕಡೆಯ ಮಾತು ಸಿನಿಮಾದಲ್ಲಿ ಕೇಳಿಬಂದರೆ ಅದು ಬಹುತೇಕ ಹಳ್ಳಿಗ ಪೆದ್ದನ ಬಾಯಲ್ಲಿ, ಇಲ್ಲವೇ ರೌಡಿಯ ಬಾಯಲ್ಲಿ. ನಮ್ಮ ಮಾತನ್ನು ಕೇಳಿ ಬೇರೆಯವರು ನಕ್ಕಿದ್ದಾರೆ. ನಾವು ನಮ್ಮ ಮಾತಿನಿಂದ ಜಗತ್ತನ್ನು ನೋಡಿ ನಗುವ ಅವಕಾಶ ಇನ್ನೂ ಬಂದಿಲ್ಲ. ಗೂಢಚಾರಿ ಅಣಕು ಅದಕ್ಕೆ ಹೇಳಿ ಮಾಡಿಸಿದ ಜಾಗ. ಅಧಿಕಾರಿ ಪುಸ್ತಕದ ಕನ್ನಡ ಮಾತಾಡಲಿ, ಖಳನಾಯಕ ಹೈದರಾಬಾದಿ ಮಾತಾಡಲಿ, ಏಜೆಂಟ್ ಭಾಲ್ಕಿಯ ಕನ್ನಡ ಮಾತಾಡಲಿ. ‘ನಾ ಯಾರಂತ ಊರಾಗ ಯಾರಿಗೂ ಗೊತ್ತಾಗಬಾರ್ದು ನೋಡ್ರಿ’ ಎಂದು ಗುಟ್ಟಾಗಿ ಬಂದ ಏಜೆಂಟ್ ಹೇಳಿದರೆ, ಖಾನಾವಳಿಯ ಕಾಕಾ ‘ಗೊತ್ತಾಗಲ್ಲ ತಗೋ ತಮ್ಮಾ, ಎಲ್ಲರಿಗೂ ನಾನೇ ಹೇಳಿಟ್ಟೀನಿ’ ಎನ್ನಲಿ. ಈ ಎರಡು ಸಾಲಿಗೆ ನಮ್ಮ ಊರಿನ ಇಡೀ ಸ್ವಭಾವ ಬರುತ್ತದೆ. ಗುಟ್ಟು ಎಂಬುದು ಇಲ್ಲಿ ನಿಲ್ಲದ ವಸ್ತು. ಹಿಂದಿ ಡಬ್ಬಿಂಗ್‌ನವರು ಹಾಲಿವುಡ್ ಹಾಸ್ಯಕ್ಕೆ ಮುಂಬೈ ಗಲ್ಲಿಯ ಮಾತು ಹಾಕಿ ಗೆದ್ದದ್ದು ಎಲ್ಲರಿಗೂ ಗೊತ್ತು. ಒಂದು ಅಣಕು ಚಿತ್ರತ್ರಯವನ್ನು ಬೀದರ್-ಕಲಬುರಗಿಯ ಕನ್ನಡದಲ್ಲಿ ಡಬ್ ಮಾಡಿ ಮನೆಗೆ ಬಿಡುವ ಧೈರ್ಯ ಯಾರಾದರೂ ಮಾಡಲಿ. ಇಲ್ಲಿನ ಕಂಪನಿ ನಾಟಕಗಳಲ್ಲಿ ಪಳಗಿದ ಕಂಠಗಳಿಗೆ ಕೆಲಸವೂ ಸಿಗುತ್ತದೆ.

ಯೂಟ್ಯೂಬಿನಲ್ಲಿ ಹಳೆಯ ಕನ್ನಡ ಚಿತ್ರಗಳು ಸಿಗುತ್ತವಲ್ಲ ಎಂಬ ಉತ್ತರ ಬರುತ್ತದೆ. ಸಿಗುತ್ತವೆ, ಮುಖ ಕಾಣದಷ್ಟು ಮಾಸಿದ ಪ್ರತಿ, ಮೂಲೆಯಲ್ಲಿ ಚಾನೆಲ್ಲಿನ ಮುದ್ರೆ, ನಡುವೆ ನಡುವೆ ಹಾರಿಹೋದ ದೃಶ್ಯ. ತುಣುಕಾಗಿ ಸಿಕ್ಕರೂ ಏನಾಗುತ್ತದೆಂದು ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ರಾಜಕುಮಾರ್ ಹಾಡಿದ ಇಂಗ್ಲಿಷ್ ಹಾಡು ತೋರಿಸಿಕೊಟ್ಟಿದೆ. ಚಿತ್ರ ಬಂದು ದಶಕಗಳಾದ ಮೇಲೆ ಅದು ಅಂತರ್ಜಾಲದಲ್ಲಿ ಹಬ್ಬಿ ಹೊಸ ತಲೆಮಾರಿನ ಬಾಯಲ್ಲಿ ಕುಣಿಯಿತು. ನಗುತ್ತಲೇ ಪ್ರೀತಿಸಿದರು, ಪ್ರೀತಿಸುತ್ತಲೇ ನಕ್ಕರು. ಒಂದು ಹಾಡಿಗೆ ಇಷ್ಟು ಜೀವ ಇದ್ದರೆ ಪೂರ್ತಿ ಚಿತ್ರಕ್ಕೆ ಎಷ್ಟಿರಬಹುದು? 2019ರಲ್ಲಿ ಜಯತೀರ್ಥ ನಿರ್ದೇಶನದಲ್ಲಿ ರಿಷಬ್ ಶೆಟ್ಟಿ ಪತ್ತೇದಾರ ದಿವಾಕರನಾಗಿ ಬಂದ ‘ಬೆಲ್ ಬಾಟಂ’ ಗೆದ್ದದ್ದೂ ಇದೇ ಹಳೆಯ ಪತ್ತೇದಾರಿ ನೆನಪಿನ ಬಂಡವಾಳದ ಮೇಲೆ. 999ನನ್ನು ಕಾಣದ ನೋಡುಗನಿಗೆ ಆ ಚಿತ್ರದ ರುಚಿ ಅರ್ಧವೇ ದಕ್ಕುತ್ತದೆ.

ನಮ್ಮಲ್ಲಿ ಸಿನಿಮಾ ಉಳಿಸುವ ಕೆಲಸ ನಡೆದೇ ಇಲ್ಲವೆಂದಲ್ಲ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣ ತುಂಬಿಕೊಂಡು ಮರಳಿ ಬಂತು, 2014ರಲ್ಲಿ ದೊರೈ-ಭಗವಾನ್ ಅವರದೇ ‘ಕಸ್ತೂರಿ ನಿವಾಸ’ ಬಂತು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆ ಕಂಡಿತು. ಇವೆಲ್ಲ ಹೆಮ್ಮೆಯ ಸಂಗತಿಗಳು. ಆದರೆ ಪಟ್ಟಿಯನ್ನು ನೋಡಿ: ಸತ್ಯ, ತ್ಯಾಗ, ಶೋಕ. ನಗುವಿಗೆ ಇನ್ನೂ ಸರದಿ ಬಂದಿಲ್ಲ. ಹಾಸ್ಯವನ್ನು ಹಗುರವೆಂದು ಬದಿಗಿಟ್ಟ ಸಮಾಜ ಅದನ್ನು ಕಳೆದುಕೊಂಡದ್ದೂ ಗೊತ್ತಾಗದೆ ಕಳೆದುಕೊಳ್ಳುತ್ತದೆ. ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಮೊದಲನೆಯದನ್ನೇ ಉಳಿಸಿಕೊಳ್ಳದವರು ಕುಳ್ಳನನ್ನು ಉಳಿಸಿಕೊಳ್ಳುತ್ತೇವೆಂದು ಸುಮ್ಮನೆ ನಂಬುವಂತಿಲ್ಲ. ಭಗವಾನ್ 2023ರಲ್ಲಿ ಹೋದರು, ದ್ವಾರಕೀಶ್ 2024ರ ಏಪ್ರಿಲ್‌ನಲ್ಲಿ ಹೋದರು. ಆ ಚಿತ್ರಗಳು ಹೇಗಾದವೆಂದು ಬಾಯಿಬಿಟ್ಟು ಹೇಳಬಲ್ಲವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ.

ಆದ್ದರಿಂದ ನನ್ನ ಬೇಡಿಕೆಯನ್ನು ಬಿಡಿಸಿಯೇ ಹೇಳುತ್ತೇನೆ. 2025ರ ಮಾರ್ಚ್ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಕನ್ನಡ ಚಿತ್ರಗಳಿಗಾಗಿ ತನ್ನದೇ ಒಟಿಟಿ ವೇದಿಕೆಯ ಮಾತಾಡಿತು, ಚಿತ್ರಗಳ ಸಂಗ್ರಹಕ್ಕೆ ₹3 ಕೋಟಿ ಎಂದಿತು. ಆ ಸಂಗ್ರಹದ ಮೊದಲ ಕಪಾಟಿನಲ್ಲೇ 999ರ ಮೂರು ಚಿತ್ರ ಮತ್ತು ‘ಕುಳ್ಳ ಏಜೆಂಟ್ 000’ ಇರಲಿ. ನಾಲ್ಕನ್ನೂ ಒಟ್ಟಿಗೆ ಶುಚಿಗೊಳಿಸಿ, ಮೂಲವೂ ಅಣಕವೂ ಒಂದರ ಪಕ್ಕ ಒಂದು ಸಿಗುವಂತೆ ಮನೆಗೆ ಬಿಡಲಿ. ಕೆಳಗೆ ಉರ್ದು, ಮರಾಠಿ, ತೆಲುಗು ಅಕ್ಷರಗಳಲ್ಲಿ ಮಾತುಗಳು ಬರಲಿ, ಬೀದರಿನಲ್ಲಿ ಕನ್ನಡ ಓದಲು ಬಾರದ ಮನೆಯೂ ಕನ್ನಡ ಕೇಳಿ ನಗಲಿ. ಹಕ್ಕುದಾರರಿಗೆ ಹಣ ಕೊಟ್ಟು ಮಾಡಲಿ, ಕಸಿದುಕೊಂಡು ಬೇಡ. ಇಂಟರ್‌ನೆಟ್ ನಿಲ್ಲದ ತಾಂಡಾಗಳಿಗೆ, ಗಡಿ ಹಳ್ಳಿಗಳಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯದ ಮೂಲಕ ಪೆನ್‌ಡ್ರೈವ್‌ನಲ್ಲಿ ಕೊಟ್ಟರೂ ಸಾಕು.

ತಡವಾದರೆ ಆಗುವ ನಷ್ಟಕ್ಕೆ ಒಂದು ತಾರೀಖೂ ಇದೆ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ ನಡೆಯುತ್ತದೆ. ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿ.ಐ.ಡಿ. 999’ 2029ರ ಜನವರಿ 1ರಂದು ಸಾರ್ವಜನಿಕರ ಆಸ್ತಿಯಾಗುತ್ತವೆ, ಜಾಕ್‌ಪಾಟ್ 2030ರಲ್ಲಿ, ‘ಕುಳ್ಳ ಏಜೆಂಟ್ 000’ 2033ರಲ್ಲಿ. ಆ ದಿನದಿಂದ ಔರಾದಿನ ಹುಡುಗಿಯೊಬ್ಬಳು ಚಿತ್ರದ ಹಕ್ಕುದಾರರ ಅಪ್ಪಣೆಯಿಲ್ಲದೆ ಆ ದೃಶ್ಯಗಳನ್ನು ಕತ್ತರಿಸಿ, ಸೇರಿಸಿ, ತನ್ನ ಮಾತು ಹಾಕಿ ಹೊಸ ಅಣಕು ಮಾಡಬಹುದು. ಕಾನೂನು ಆ ಹಕ್ಕನ್ನು ಕೊಡುತ್ತದೆ, ಪ್ರತಿಯನ್ನು ಕೊಡುವುದಿಲ್ಲ. ಚಲನಚಿತ್ರ ಅಕಾಡೆಮಿಯವರೇ, ನಿರ್ಮಾಪಕರ ಮನೆಯವರೇ, ಬೀದರ್ ಜಿಲ್ಲೆಯ ಜನಪ್ರತಿನಿಧಿಗಳೇ, ಅವಳ ಕೈಗೆ ಒಂದು ಒಳ್ಳೆಯ ಪ್ರತಿ ಸಿಗುವಂತೆ 2029ರೊಳಗೆ ವ್ಯವಸ್ಥೆ ಮಾಡಿ.